ಮೂರು ರೂಪಾಯಿಗೆ ಯಾರೂ ಬೇಗ ಏಳುವುದಿಲ್ಲ

ಬೆಂಗಳೂರು ಮೆಟ್ರೊ ರೈಲು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಮ್ಮೆ ನೇರಳೆ ಮಾರ್ಗದ ಜ್ಞಾನಭಾರತಿ ನಿಲ್ದಾಣಕ್ಕೆ ಬನ್ನಿ. ಚಲ್ಲಘಟ್ಟ, ಕೆಂಗೇರಿ ದಾಟಿ ಬರುವ ರೈಲಿನಲ್ಲಿ ಇಲ್ಲಿಗೇ ಸೀಟು ಮುಗಿದಿರುತ್ತದೆ. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಂಡು ಜನ ಬಾಗಿಲ ಬಳಿ ಒತ್ತೊತ್ತಾಗಿ ನಿಲ್ಲುತ್ತಾರೆ. ವಿಜಯನಗರ, ಹೊಸಹಳ್ಳಿ ಬರುವಷ್ಟರಲ್ಲಿ ಕೈ ಆಡಿಸಲೂ ಜಾಗವಿರುವುದಿಲ್ಲ. ಏಳು ಗಂಟೆಯ ರೈಲಿನಲ್ಲಾದರೆ ಕೂತು ಪೇಪರ್ ಓದಬಹುದು.

2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ನಿಗಮ ಇದಕ್ಕೊಂದು ದಾರಿಯನ್ನೂ ಯೋಚಿಸಿತ್ತು. ಸ್ಮಾರ್ಟ್ ಕಾರ್ಡಿನವರು ಬೆಳಿಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 4ರವರೆಗೆ ಅಥವಾ ರಾತ್ರಿ 9ರ ನಂತರ ಪ್ರಯಾಣಿಸಿದರೆ ಎಂದಿನ ಶೇ 5ರ ಜೊತೆಗೆ ಇನ್ನೂ ಶೇ 5 ರಿಯಾಯಿತಿ. ಉದ್ದೇಶ ಒಳ್ಳೆಯದೇ. ಆದರೆ 60 ರೂಪಾಯಿಯ ಪ್ರಯಾಣದಲ್ಲಿ ಅದು ಬರೀ 3 ರೂಪಾಯಿ. ಗೇಟು ದಾಟುವ ಅವಸರದಲ್ಲಿ ಅದನ್ನು ಗಮನಿಸುವವರೇ ಕಡಿಮೆ.

ಇದೇ ಹಣ ಬೇರೆ ರೂಪದಲ್ಲಿ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ಊರೇ ತೋರಿಸಿಕೊಟ್ಟಿದೆ. 2008ರ ಅಕ್ಟೋಬರ್‌ನಿಂದ ಆರು ತಿಂಗಳ ಕಾಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಅವರು ಇಲ್ಲಿನ ಇನ್ಫೊಸಿಸ್‌ನಲ್ಲಿ ಒಂದು ಪ್ರಯೋಗ ನಡೆಸಿದರು. ಸುಮಾರು 14,000 ಉದ್ಯೋಗಿಗಳು. ಬೆಳಿಗ್ಗೆ 8.30ರೊಳಗೆ ಬಂದವರಿಗೆ ಅಂಕ, ಅಂಕ ಗಳಿಸಿದವರ ನಡುವೆ ವಾರಕ್ಕೊಮ್ಮೆ ಡ್ರಾ, 500ರಿಂದ 12,000 ರೂಪಾಯಿವರೆಗೆ ಬಹುಮಾನ. ಯಾರಿಗೂ ದಂಡವಿಲ್ಲ, ಮೇಲಧಿಕಾರಿಯ ಒತ್ತಾಯವಿಲ್ಲ. ಬೇಗ ಬರುವವರ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಕಂಪನಿ ಬಸ್ಸಿನವರ ಬೆಳಗಿನ ಪ್ರಯಾಣ ಸರಾಸರಿ 71 ನಿಮಿಷದಿಂದ 54ಕ್ಕೆ ಇಳಿಯಿತು. 2012ರಲ್ಲಿ ಇದೇ ವಿಧಾನ ಸಿಂಗಪುರದ ರೈಲುಗಳಿಗೆ ಹೋಯಿತು. ಬೆಂಗಳೂರಿನಲ್ಲಿ ಹುಟ್ಟಿದ್ದು ಬೆಂಗಳೂರಿನ ಮೆಟ್ರೊಗೆ ಮಾತ್ರ ಇನ್ನೂ ಬಂದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆ ಹೆಚ್ಚುವರಿ ಶೇ 5ರ ಬದಲು ಮೆಟ್ರೊದಲ್ಲೂ ಇಂಥದೇ ಅಂಕ ಮತ್ತು ಡ್ರಾ ತನ್ನಿ. ಡ್ರಾ ಎಂದೊಡನೆ ನಿಮ್ಮ ಕಾನೂನು ವಿಭಾಗ ಹಿಂಜರಿಯಬಹುದು. ರಾಜ್ಯದಲ್ಲಿ ಲಾಟರಿ 2007ರಿಂದಲೇ ನಿಷಿದ್ಧ. ಇಲ್ಲಿ ಯಾರೂ ಲಾಟರಿ ಟಿಕೆಟ್ ಕೊಳ್ಳುವುದಿಲ್ಲ, ಯಾರ ಹಣವೂ ಮುಳುಗುವುದಿಲ್ಲ. ಆದರೂ ಮೊದಲೇ ಕಾನೂನು ಸಲಹೆ ಪಡೆಯಿರಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಇದೆ. ಸಮಯ ಎಲ್ಲರ ಕೈಯಲ್ಲಿರುವುದಿಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಂಚಿಂಗ್ ಹೊತ್ತು ಗೊತ್ತುಪಡಿಸಿರುತ್ತದೆ, ಮಕ್ಕಳನ್ನು ಶಾಲೆಗೆ ಕಳಿಸಿಯೇ ಹೊರಡಬೇಕಾದ ತಾಯಂದಿರಿದ್ದಾರೆ. ಆದ್ದರಿಂದ ಬಹುಮಾನವಷ್ಟೇ ಇರಲಿ. ದಟ್ಟಣೆಯ ಹೊತ್ತಿಗೆ ಹೆಚ್ಚುವರಿ ದರ ಎಂಬ ಮಾತು ಬೇಡವೇ ಬೇಡ. ಇಲ್ಲೇ ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೊಂದಿಗೂ ಮಾತನಾಡಿ. ಕೆಲವು ವಿಭಾಗಗಳ ತರಗತಿ ಸ್ವಲ್ಪ ಹಿಂದೆಮುಂದಾದರೆ ವಿದ್ಯಾರ್ಥಿಗಳೂ ಖುಷಿಯಿಂದ ಕೈಜೋಡಿಸುತ್ತಾರೆ. ಕಾರ್ಡು ಮುಟ್ಟಿಸಿದ ಸಮಯದ ಮಾಹಿತಿ ಅಂಕ ಲೆಕ್ಕಹಾಕಲು ಮಾತ್ರ, ಬೇರೆ ಯಾರ ಕೈಗೂ ಹೋಗದು ಎಂದು ಬರವಣಿಗೆಯಲ್ಲಿ ಭರವಸೆ ಕೊಡಿ.

ನೇರಳೆ ಮಾರ್ಗದಲ್ಲಿ ಆರು ತಿಂಗಳು ನಡೆಸಿ ನೋಡಿ. ಫಲಿತಾಂಶ ಏನೇ ಬರಲಿ, ಅಂಕಿಅಂಶ ಸಮೇತ ಜನರ ಮುಂದಿಡಿ ಎಂಬುದು ನನ್ನ ಕಳಕಳಿಯ ಮನವಿ.

ಇಂತಿ,
ಜ್ಞಾನಭಾರತಿಯ ಒಬ್ಬ ಪ್ರಯಾಣಿಕ