ಅಂಚು ಸವೆದ ಚಂದ್ರಶೇಖರ್

ಹಳೇ ಮನೆ ಕೆಡವುವವರಲ್ಲಿ ನನ್ನದೊಂದು ವಿನಂತಿ. ಅಟ್ಟದ ಮೇಲಿನ ಟ್ರಂಕನ್ನು ಗುಜರಿಯವರ ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ತಾಮ್ರದ ಹಂಡೆ, ಹಿತ್ತಾಳೆ ಚೊಂಬನ್ನು ಯಾರೂ ಬಿಡುವುದಿಲ್ಲ. ಅವಕ್ಕೆ ಬೆಲೆ ಇದೆಯೆಂದು ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಅವುಗಳ ಅಡಿಯಲ್ಲಿ ತುಕ್ಕು ಹಿಡಿದು ಕೂತಿರುವ ಬಿಸ್ಕತ್ತು ಡಬ್ಬಿಯ ವಿಚಾರ. ಬಬಲ್ ಗಮ್ಮಿನ ಜೊತೆ ಬಂದ ಕ್ರಿಕೆಟ್ ಆಟಗಾರರ ಚಿತ್ರ, ಟ್ರಂಪ್ ಕಾರ್ಡು, ಬೆಂಕಿಪೊಟ್ಟಣದಿಂದ ಹರಿದ ಪಟ ಅದರಲ್ಲಿ ಇದ್ದೀತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಹಂಚಿನ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಡಬ್ಬಿಗಳೂ ಮಣ್ಣಿನ ಜೊತೆ ಟ್ರ್ಯಾಕ್ಟರ್ ಏರುತ್ತಿವೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ನಮ್ಮಪ್ಪ ಚಿಲ್ಲರೆ ಅಂಗಡಿ ಇಟ್ಟಿದ್ದರು. ಈಗ ನಾನು ನೋಡಿಕೊಳ್ಳುತ್ತಿದ್ದೇನೆ. 1987ರ ವಿಶ್ವಕಪ್ ಭಾರತ, ಪಾಕಿಸ್ತಾನದಲ್ಲಿ ನಡೆದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಬಿಗ್ ಫನ್ ಬಬಲ್ ಗಮ್ಮಿಗೆ ಮಕ್ಕಳು ಮುಗಿಬೀಳುತ್ತಿದ್ದ ಕಾಲ ಅದು. ಗಮ್ಮಿನ ಜೊತೆ ಒಬ್ಬ ಆಟಗಾರನ ಚಿತ್ರ, ಅದರಲ್ಲಿ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂಬ ಅಚ್ಚು. ಹೇಳಿದಷ್ಟು ರನ್ನು ವಿಕೆಟ್ಟು ಕೂಡಿಸಿ ತಂದವರಿಗೆ ಪುಟ್ಟದೊಂದು ಪುಸ್ತಕ. ಹೆಬ್ಬೆರಳಲ್ಲಿ ಹಾಳೆಗಳನ್ನು ಸರ್ರನೆ ಬಿಟ್ಟರೆ ಒಳಗಿರುವವನು ನಿಜಕ್ಕೂ ಆಡಿದಂತೆ ಕಾಣುತ್ತಿತ್ತು. ಟೀವಿ ಇದ್ದ ಮನೆಗಳೇ ಕಡಿಮೆ ಇದ್ದ ಊರಲ್ಲಿ ಅದೇ ನಮ್ಮ ಟೀವಿ.

ನಮ್ಮಲ್ಲಿ ಆಗ ರೇಷ್ಮೆಯದೇ ದುಡ್ಡು. ನಮ್ಮ ತಾಲ್ಲೂಕಿನದೇ ವಿಜಯಪುರದ ಮಾರ್ಕೆಟ್ಟಿಗೆ ಗೂಡು ಹಾಕಿ ಅಪ್ಪಂದಿರು ವಾಪಸು ಬಂದ ಸಂಜೆ ಮಕ್ಕಳ ಕೈಗೂ ನಾಣ್ಯ ಬೀಳುತ್ತಿತ್ತು. ಹುಳ ಕೈಕೊಟ್ಟ ತಿಂಗಳು ಅಂಗಡಿಯ ಮುಂದೆ ಬರೀ ನೋಡುವವರು. ಗಮ್ಮಿನ ಪೊಟ್ಟಣವನ್ನು ಬೆರಳಲ್ಲಿ ಅಮುಕಿ, ಬೆಳಕಿಗೆ ಹಿಡಿದು, ಒಳಗೆ ಯಾರಿದ್ದಾರೆಂದು ಪತ್ತೆ ಮಾಡುತ್ತೇವೆ ಎನ್ನುವ ಪಂಡಿತರೂ ಇದ್ದರು. ಯಾರಿಗೂ ಏನೂ ಕಾಣುತ್ತಿರಲಿಲ್ಲ. ಬಂದವನೇ ಮತ್ತೆ ಮತ್ತೆ ಬರುತ್ತಿದ್ದ. ಕಪಿಲ್ ದೇವ್ ಮಾತ್ರ ಯಾವಾಗಲೂ ಪಕ್ಕದ ಮನೆಯ ಹುಡುಗನಿಗೇ ಸಿಗುತ್ತಿದ್ದ. ಚಿತ್ರಕ್ಕೆ ಮೆತ್ತಿಕೊಂಡ ಸಿಹಿ ಪುಡಿಯ ವಾಸನೆ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ, ಇರುವೆ ಮುತ್ತುತ್ತಿತ್ತು. ಅದಕ್ಕೆ ಡಬ್ಬಿಯೊಳಗೆ ನುಸಿಗುಳಿಗೆ ಹಾಕುತ್ತಿದ್ದೆವು. ಇವತ್ತಿಗೂ ನುಸಿಗುಳಿಗೆ ಮೂಗಿಗೆ ಬಡಿದರೆ ನನಗೆ ಗವಾಸ್ಕರ್ ನೆನಪಾಗುತ್ತಾರೆ.

ಆಟ ನಡೆಯುತ್ತಿದ್ದದ್ದು ಹುಣಸೆ ತೋಪಿನಲ್ಲಿ. ನೆಲದ ಮೇಲೆ ವೃತ್ತ ಗೀಚಿ ನಡುವೆ ಬೆಂಕಿಪೊಟ್ಟಣದ ಪಟ ಪೇರಿಸುವುದು, ದೂರ ನಿಂತು ಚಪ್ಪಟೆ ಕಲ್ಲು ಬೀಸುವುದು, ಗೆರೆಯಾಚೆ ಹಾರಿದಷ್ಟೂ ಹೊಡೆದವನಿಗೆ. ಕ್ರಿಕೆಟ್ ಚಿತ್ರಗಳನ್ನು ಹಾಗೆ ಪಣಕ್ಕಿಡಲು ಧೈರ್ಯ ಬೇಕಿತ್ತು. ಟ್ರಂಪ್ ಕಾರ್ಡು ಬಂದಮೇಲೆ ಲೆಕ್ಕದ ಆಟ ಶುರುವಾಯಿತು. ಇಬ್ಬರೂ ಒಂದೊಂದು ಕಾರ್ಡು ಹಿಡಿಯಬೇಕು, ಸರದಿಯವನು ‘ರನ್ನು’ ಎಂದೋ ‘ವಿಕೆಟ್ಟು’ ಎಂದೋ ಕೂಗಬೇಕು, ಯಾರ ಅಂಕಿ ದೊಡ್ಡದೋ ಅವರಿಗೆ ಎರಡೂ ಕಾರ್ಡು. ನಾಲ್ಕಂಕಿಯ ಸಂಖ್ಯೆಗಳನ್ನು ಕಣ್ಣಾಡಿಸಿ ಹೋಲಿಸುವುದನ್ನು ನಾವು ಹೀಗೇ ಕಲಿತದ್ದು. ಗಣಿತದ ಮೇಷ್ಟ್ರಿಗೆ ಇದು ಗೊತ್ತಿದ್ದರೆ ಕಾರ್ಡು ಕಿತ್ತುಕೊಳ್ಳುತ್ತಿರಲಿಲ್ಲ.

ಅಪ್ಪನಿಗೆ ಒಂದೇ ಕೊರಗು. ‘ನಿಮ್ಮ ಕಾರ್ಡಲ್ಲಿ ವಿಶ್ವನಾಥ್ ಎಲ್ಲಮ್ಮ, ಚಂದ್ರ ಎಲ್ಲಿ?’ ಅವರಿಬ್ಬರೂ ಆಟ ಬಿಟ್ಟಾಗಿತ್ತು. ಕೊನೆಗೆ ಅಪ್ಪ, ನಾನು ಕೂತು ನಮ್ಮದೇ ಕಾರ್ಡು ಮಾಡಿದೆವು. ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಪೇಪರಿನಲ್ಲಿ ಬಂದ ಫೋಟೋ ಮೈದಾ ಅಂಟಿನಲ್ಲಿ ಹಚ್ಚಿ, ಹಿಂದೆ ಅಂಕಿ ಬರೆದೆವು. ಬರೀ ಕರ್ನಾಟಕದವರು. ಭದ್ರಾವತಿಯ ಜಿ.ಆರ್. ವಿಶ್ವನಾಥ್: 91 ಟೆಸ್ಟು, 6,080 ರನ್ನು, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ ಎಂಬುದನ್ನು ಕಾರ್ಡಿನಲ್ಲಿ ಬರೆಯಲೇಬೇಕೆಂದು ಅಪ್ಪ ಹಠ ಹಿಡಿದರು. ಜಾಗ ಸಾಲದೆ ಅಂಚಿನಲ್ಲಿ ಸುತ್ತ ಬರೆದೆ. ಪ್ರಸನ್ನ 189 ವಿಕೆಟ್ಟು. ಕಿರ್ಮಾನಿ ವಿಕೆಟ್ ಹಿಂದೆ 198 ಬಲಿ. ರೋಜರ್ ಬಿನ್ನಿಗೆ 1983ರ ವಿಶ್ವಕಪ್ಪಿನ 18 ವಿಕೆಟ್ಟು. ಆ ಟೂರ್ನಿಯಲ್ಲಿ ಅಷ್ಟು ವಿಕೆಟ್ಟು ಬೇರೆ ಯಾರೂ ತೆಗೆದಿರಲಿಲ್ಲ.

ಎಲ್ಲರಿಗಿಂತ ವಿಚಿತ್ರದ ಕಾರ್ಡು ಬಿ.ಎಸ್. ಚಂದ್ರಶೇಖರ್ ಅವರದು. 58 ಟೆಸ್ಟಿನಲ್ಲಿ 242 ವಿಕೆಟ್ಟು, 167 ರನ್ನು. ತೆಗೆದ ವಿಕೆಟ್ಟಿಗಿಂತ ಹೊಡೆದ ರನ್ನು ಕಡಿಮೆ! ನಮ್ಮ ಕಟ್ಟಿನಲ್ಲಿ ‘ವಿಕೆಟ್ಟು’ ಎಂದು ಕೂಗಿದರೆ ಆಗ ಅವರನ್ನು ಮೀರಿಸುವವರಿರಲಿಲ್ಲ, ‘ರನ್ನು’ ಎಂದು ಎದುರಿನವನು ಕೂಗಿದರೆ ಅವರಿಗಿಂತ ಬಡವರಿರಲಿಲ್ಲ. ಪೋಲಿಯೊ ಬಡಿದ ಅದೇ ಬಲಗೈಯಲ್ಲಿ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ಟು ಉರುಳಿಸಿ, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದ ಕಥೆಯನ್ನು ಅಪ್ಪ ಅಕ್ಕಿ ಅಳೆಯುತ್ತಲೇ ಹೇಳುತ್ತಿದ್ದರು. ಹುಡುಗರು ಮೊದಮೊದಲು ‘ಮನೇಲಿ ಮಾಡಿದ್ದು ನಡೆಯಲ್ಲ’ ಎಂದು ಜಗಳ ತೆಗೆದರು. ಆಮೇಲೆ ಅವರೇ ಚಂದ್ರನ ಕಾರ್ಡು ಕೇಳಿಕೊಂಡು ಬಂದರು.

ಕುಂಬ್ಳೆ, ಶ್ರೀನಾಥ್ ಬಂದಮೇಲೆ ಇನ್ನೊಂದು ಕಷ್ಟ. ಅವರ ಲೆಕ್ಕ ನಿಲ್ಲುತ್ತಲೇ ಇರಲಿಲ್ಲ. ಪೆನ್ಸಿಲಿನಲ್ಲಿ ಬರೆದೆ, ಪ್ರತಿ ಸರಣಿ ಮುಗಿದಾಗ ಉಜ್ಜಿ ಮತ್ತೆ ಬರೆದೆ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟನ್ನು ಕುಂಬ್ಳೆ ಒಬ್ಬರೇ ತೆಗೆದ ಸಂಜೆ ಉಜ್ಜಿದ ರಭಸಕ್ಕೆ ಕಾಗದ ತೂತಾಯಿತು. ಹಿಂದಿನಿಂದ ಲಗ್ನಪತ್ರಿಕೆಯ ಚೂರು ಅಂಟಿಸಿದೆ. 2008ರಲ್ಲಿ ಅವರು 619ಕ್ಕೆ ನಿಂತಾಗ ಮೊದಲ ಸಲ ಪೆನ್ನಿನಲ್ಲಿ ಬರೆದೆ.

ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡುಗಳದ್ದು ಇದೇ ವಂಶ. ಮೊದಲು ಸಿಗರೇಟು ಪ್ಯಾಕು, ಆಮೇಲೆ ಬಬಲ್ ಗಮ್ಮು. 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬಂದ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡು, ಟಾಪ್ಸ್ ಕಂಪನಿಯ 1952ರ ಮಿಕ್ಕಿ ಮ್ಯಾಂಟಲ್ ಕಾರ್ಡು ಅಲ್ಲಿಯ ಸಂಗ್ರಹಕಾರರ ಬಾಯಲ್ಲಿ ಸದಾ ಇರುವ ಹೆಸರುಗಳು. ಆ ವರ್ಷದ ಮಾರಾಟವಾಗದ ಕಾರ್ಡುಗಳನ್ನು ಕಂಪನಿಯವರು 1960ರಲ್ಲಿ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. 2022ರ ಆಗಸ್ಟ್‌ನಲ್ಲಿ ಒಂದು ಮ್ಯಾಂಟಲ್ ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾಯಿತು. ನಮ್ಮ ದುಡ್ಡಿನಲ್ಲಿ ಆಗ ಸುಮಾರು 100 ಕೋಟಿ ರೂಪಾಯಿ. ಅಲ್ಲಿ ಕಾರ್ಡಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಮೂಲೆ ಚೂಪಾಗಿರಬೇಕು, ಗೀರು ಇರಬಾರದು, ಅಂಕ ಸಿಕ್ಕಮೇಲೆ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಡುತ್ತಾರೆ. ಯಾರೂ ಮುಟ್ಟದ ಕಾರ್ಡಿಗೇ ಹೆಚ್ಚು ಬೆಲೆ.

ಆ ಹರಾಜಿನ ಸುದ್ದಿ ಫೋನಿನಲ್ಲಿ ಓಡಾಡಿದ ಮೇಲೆ ನಮ್ಮೂರ ಹುಡುಗನೊಬ್ಬ ತನ್ನಪ್ಪನ ಡಬ್ಬಿ ಹೊತ್ತು ಅಂಗಡಿಗೆ ಬಂದ. ‘ಅಕ್ಕಾ, ಇದಕ್ಕೆಷ್ಟು ಸಿಗುತ್ತೆ?’ ಎಂದ. ಅಷ್ಟರಲ್ಲಿ ಅವನಿಗೆ ಯಾರೋ, ಮೂಲೆಗಳೆಲ್ಲ ಮುದುರಿವೆ, ಏನೂ ಬರುವುದಿಲ್ಲ ಎಂದೂ ಹೇಳಿದ್ದರು. ನಾನು ಒಪ್ಪುವುದಿಲ್ಲ. ನಮ್ಮ ತೋಪನ್ನೇ ನೋಡಿ. ಸುಮಾರು 53 ಎಕರೆಯ ಆ ಹುಣಸೆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅದಕ್ಕೆ ಆ ಮರ್ಯಾದೆ ಸಿಕ್ಕಿದ್ದು ನೆಟ್ಟಗೆ ನುಣುಪಾಗಿ ಬೆಳೆದ ಮರಗಳಿಂದಲ್ಲ. ಬುಡ ಸೀಳಿ, ಪೊಟರೆ ಬಿದ್ದು, ಶತಮಾನಗಳನ್ನು ಕಂಡ ಮರಗಳಿಂದ. ಕಾರ್ಡಿನ ವಿಷಯದಲ್ಲೂ ನಾನು ಅದೇ ನ್ಯಾಯ ಕೇಳುತ್ತೇನೆ. ಮುದುರಿದ ಮೂಲೆ ಎಂದರೆ ಆ ಕಾರ್ಡನ್ನು ಯಾರೋ ಆಡಿದ್ದಾರೆ, ಚಡ್ಡಿ ಜೇಬಿನಲ್ಲಿ ಶಾಲೆಗೆ ಒಯ್ದಿದ್ದಾರೆ, ಸೋತು ಅತ್ತಿದ್ದಾರೆ. ಮುಟ್ಟದೆ ಇಟ್ಟ ಕಾರ್ಡಿನಿಂದ ಕಂಪನಿಯ ಅಚ್ಚಿನ ಗುಣ ತಿಳಿಯುತ್ತದೆ, ಮಕ್ಕಳ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಡಬ್ಬಿಯಲ್ಲಿ ಒಬ್ಬ ಆಟಗಾರನ ಚಿತ್ರದ ಹಿಂದೆ ಹೈಸ್ಕೂಲು ಅಕ್ಷರದಲ್ಲಿ ‘ಇದನ್ನು ಯಾರಿಗೂ ಕೊಡುವುದಿಲ್ಲ’ ಎಂದು ಬರೆದಿತ್ತು. ಹುಡುಗ ಅದನ್ನು ನೋಡಿಯೇ ಇರಲಿಲ್ಲ. ಓದಿ ತೋರಿಸಿದೆ. ಡಬ್ಬಿ ವಾಪಸು ಮನೆಗೆ ಹೋಯಿತು.

ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಭೂಸ್ವಾಧೀನ ಕೈಬಿಡುವಂತೆ ಮಾಡಿದರು. ಆ ಹೋರಾಟದ ಪಕ್ಕದಲ್ಲಿ ಡಬ್ಬಿಯ ಮಾತು ಚಿಕ್ಕದೆಂದು ಬಲ್ಲೆ. ಆದರೆ ಆ ಹೊಲಗಳಲ್ಲಿ ಬೆಳೆದ ಮಕ್ಕಳು ಏನು ಆಡಿದರು ಎಂಬುದಕ್ಕೆ ಇರುವ ಕಾಗದದ ಸಾಕ್ಷಿ ಇವಿಷ್ಟೇ. ದೊಡ್ಡ ಮ್ಯೂಸಿಯಮ್ಮುಗಳು ವಿಶ್ವನಾಥ್ ಅವರ ಬ್ಯಾಟನ್ನು ಇಟ್ಟುಕೊಳ್ಳಲಿ, ಅದು ಅವರ ಕೆಲಸ. ವಿಶ್ವನಾಥ್ ಹೆಸರಿನಲ್ಲಿ ಹಳ್ಳಿಯ ಹುಡುಗಿ ಮೈದಾ ಅಂಟಿನಲ್ಲಿ ಮಾಡಿದ ಕಾರ್ಡನ್ನು ಉಳಿಸುವುದು ಹಳ್ಳಿಯದೇ ಕೆಲಸ.

ಅದಕ್ಕೆ ನಮ್ಮಲ್ಲಿ ಜಾಗವೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಒಂದೊಂದರಲ್ಲೂ ಗಾಜಿನ ಬಾಗಿಲಿನ ಬೀರು ಒಂದಿದ್ದರೆ ಸಾಕು. ಊರವರು ಡಬ್ಬಿ ತಂದುಕೊಡಲಿ, ಯಾವ ವರ್ಷ ಆಡಿದ್ದು, ಆಟದ ನಿಯಮ ಏನು ಎಂದು ಅವರೇ ಒಂದು ಹಾಳೆಯಲ್ಲಿ ಬರೆಯಲಿ. ರಜೆಯಲ್ಲಿ ಬೀಗ ತೆಗೆದು ಮಕ್ಕಳ ಕೈಗೂ ಕೊಡಬೇಕು. ನನ್ನ ಅಂಗಡಿಯಲ್ಲಿ ಪೊಕೆಮಾನ್ ಕಾರ್ಡಿನ ಪೊಟ್ಟಣ ನೇತಾಡುತ್ತಿರುತ್ತದೆ. ಅದನ್ನು ಕೊಳ್ಳುವ ಮಕ್ಕಳು ಪೊಟ್ಟಣ ಅಮುಕಿ ನೋಡುವ ರೀತಿ ನಮ್ಮದೇ, ಅವರಿಗೆ ಟ್ರಂಪ್ ಆಟ ಹೇಳಿಕೊಡಲು ಹತ್ತು ನಿಮಿಷ ಸಾಕು. ಪಂಚಾಯಿತಿಯವರು ಬೀರು ತರಿಸಿದ ದಿನ ನಮ್ಮ ಕಟ್ಟನ್ನು ಮೊದಲು ಕೊಡುವವಳು ನಾನೇ. ಒಂದೇ ಷರತ್ತು: ಎಲ್ಲಕ್ಕಿಂತ ಮೇಲೆ ಚಂದ್ರಶೇಖರ್ ಇರಬೇಕು, 167 ರನ್ನು ಕಾಣುವ ಹಾಗೆ.