ಮನೆಯ ವಿಜ್ಞಾನ: ಹಾಲಿನ ಗಂಟೆಯ ಲೆಕ್ಕ

ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಯಾವ ಮನೆಯಲ್ಲಿಯಾದರೂ ನಡೆಯತಕ್ಕ ಸಂಗತಿಯೇ. ಸೌದೆಯ ಒಲೆಯ ಕಾಲದಲ್ಲಿ ಅದರಿಂದ ಹಾಲು ಹಾಳಾಗಿ ಪಾತ್ರೆ ಸೀಯುತ್ತಿದ್ದಿತು, ಅಷ್ಟೆ. ಗ್ಯಾಸಿನ ಒಲೆಯಲ್ಲಿ ಹಾಗಲ್ಲ. ಉಕ್ಕಿದ ಹಾಲು ಉರಿಯನ್ನು ಆರಿಸಿಬಿಟ್ಟರೂ ಗ್ಯಾಸು ಮಾತ್ರ ಹೊರಗೆ ಬರುತ್ತಲೇ ಇರುವುದು. ಕೆಲವು ತಿಂಗಳ ಹಿಂದೆ ನಮ್ಮಲ್ಲಿ ಹೀಗೆಯೇ ಆಯಿತು. ನಮ್ಮ ತಾಯಿಯವರು ಹಾಲಿಟ್ಟು ಹೂವು ಕಟ್ಟಲು ಕುಳಿತಿದ್ದರು. ವಾಸನೆ ಬಂದು ನಾವು ಓಡಿಹೋಗಿ ನೋಡುವಾಗ ಒಲೆಯಲ್ಲಿ ಉರಿ ಇರಲಿಲ್ಲ. ಅಂದಿನಿಂದ ಮನೆಯವರೆಲ್ಲರೂ ಅವರನ್ನು ಅಡಿಗೆಮನೆಗೆ ಹೋಗಬೇಡಿರೆಂದು ತಡೆಯತೊಡಗಿದರು. ಅರುವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಆ ಮಾತು ಎಷ್ಟು ಕಹಿಯಾಗಿದ್ದಿತೆಂಬುದನ್ನು ನಾವು ಬರೆಯಬೇಕಾದುದಿಲ್ಲ.

ಅಂಗಡಿಯ ಟೈಮರುಗಳು ಇಲ್ಲದಿಲ್ಲ. ಮೊಬೈಲಿನಲ್ಲಿಯೂ ಗಂಟೆಯುಂಟು. ಆದರೆ ಅವುಗಳ ಸಣ್ಣ ಅಂಕಿಗಳು ತಾಯಿಯವರ ಕಣ್ಣಿಗೆ ಹತ್ತವು. ಒಂದೇ ಗುಂಡಿ, ಒಂದೇ ಕೂಗು. ಅವರಿಗೆ ಬೇಕಾದುದು ಅಷ್ಟೇ. ಅದನ್ನು ನಾವೇ ಮಾಡಲು ಕುಳಿತೆವು. ಮಾಡುವಾಗ ಕಲಿತ ಲೆಕ್ಕವನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಇದರ ಮುಖ್ಯ ಭಾಗವು 555 ಎಂಬ ಹೆಸರಿನ, ಎಂಟು ಕಾಲುಗಳ ಒಂದು ಕಪ್ಪು ಐ.ಸಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಹ್ಯಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರು 1971ರಲ್ಲಿ ಸಿಗ್ನೆಟಿಕ್ಸ್ ಕಂಪೆನಿಗಾಗಿ ಇದನ್ನು ರೂಪಿಸಿದನು. 1972ರಲ್ಲಿ ಅದು ಪೇಟೆಗೆ ಬಂದಿತು. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಒಂದು ಲೋಟ ಕಾಫಿಯ ಹಣಕ್ಕೆ ದೊರೆಯುವುದು.

ಐ.ಸಿ. ತಾನಾಗಿ ಕಾಲವನ್ನರಿಯದು. ಅದಕ್ಕೆ ಕಾಲವನ್ನು ತಿಳಿಸುವವು ಹೊರಗೆ ಸೇರಿಸುವ ಎರಡು ವಸ್ತುಗಳು: ಒಂದು ರೆಸಿಸ್ಟರು, ಒಂದು ಕೆಪಾಸಿಟರು. ದೊಡ್ಡ ತೊಟ್ಟಿಯೊಂದರ ತಳದಿಂದ ಸಣ್ಣ ಕೊಳವೆಯ ಮೂಲಕ ಪಕ್ಕದ ಕೊಡದ ತಳಕ್ಕೆ ನೀರು ಹರಿಯುತ್ತಿದೆಯೆಂದು ಭಾವಿಸಿರಿ. ತೊಟ್ಟಿಯೇ ಬ್ಯಾಟರಿ, ಕೊಳವೆಯೇ ರೆಸಿಸ್ಟರು, ಕೊಡವೇ ಕೆಪಾಸಿಟರು. ಮೊದಲು ನೀರು ರಭಸದಿಂದ ನುಗ್ಗುವುದು. ಕೊಡದ ನೀರು ತೊಟ್ಟಿಯ ಮಟ್ಟಕ್ಕೆ ಏರುತ್ತ ಬಂದಂತೆಲ್ಲ ಹರಿವು ಮಂದವಾಗುವುದು. ಕೊಡವು ಮೂರರಲ್ಲಿ ಎರಡು ಪಾಲು ತುಂಬಿದೊಡನೆ ಐ.ಸಿ. "ಆಯಿತು" ಎನ್ನುವುದು. ಗುರುತು ಹೀಗೆ ಪಾಲಿನ ಲೆಕ್ಕದಲ್ಲಿರುವುದರಿಂದ ಒಂದು ದೊಡ್ಡ ಅನುಕೂಲವುಂಟು. ಬ್ಯಾಟರಿ ಹಳತಾಗಿ ಅದರ ವೋಲ್ಟೇಜು ಇಳಿದರೆ ಗುರುತೂ ಜೊತೆಯಲ್ಲಿಯೇ ಇಳಿಯುವುದು. ಕಾಲವು ಹೆಚ್ಚುಕಡಿಮೆ ಅಷ್ಟೇ ಇರುವುದು.

ರೆಸಿಸ್ಟರಿನ ಬೆಲೆಯನ್ನು ಮೆಗಾ ಓಮಿನಲ್ಲಿಯೂ ಕೆಪಾಸಿಟರಿನ ಬೆಲೆಯನ್ನು ಮೈಕ್ರೋಫ್ಯಾರಡಿನಲ್ಲಿಯೂ ಬರೆದು ಗುಣಿಸಿದರೆ ನೇರವಾಗಿ ಸೆಕೆಂಡುಗಳೇ ಬರುವುವು. ಅಷ್ಟು ಸೆಕೆಂಡುಗಳಲ್ಲಿ ಕೊಡವು ನೂರಕ್ಕೆ 63 ಪಾಲು ತುಂಬುವುದು. ನಮಗೆ ಬೇಕಾದುದು ನೂರಕ್ಕೆ 67. ಆದುದರಿಂದ ಆ ಗುಣಲಬ್ಧವನ್ನು 1.1ರಿಂದ ಗುಣಿಸಬೇಕು. ಸೂತ್ರವೆಲ್ಲ ಇಷ್ಟೇ.

ನಮ್ಮ ಮನೆಯ ಅರ್ಧ ಲೀಟರು ಹಾಲು ಸಣ್ಣ ಉರಿಯಲ್ಲಿ ಸುಮಾರು ಐದೂವರೆ ನಿಮಿಷಕ್ಕೆ ಉಕ್ಕುವುದು. ಗಂಟೆಯು ಐದನೆಯ ನಿಮಿಷಕ್ಕೆ, ಅಂದರೆ 300 ಸೆಕೆಂಡುಗಳಿಗೆ, ಕೂಗಬೇಕು. 1000 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಆರಿಸಿಕೊಂಡೆವು. 300ನ್ನು 1.1ರಿಂದಲೂ 1000ದಿಂದಲೂ ಭಾಗಿಸಿದರೆ 0.273 ಮೆಗಾ ಓಮ್, ಅಂದರೆ 273 ಕಿಲೋ ಓಮ್. ಅಂಗಡಿಯಲ್ಲಿ ಸಿಕ್ಕುವುದು 270. ಮೈಮೇಲೆ ಕೆಂಪು, ನೇರಿಳೆ, ಹಳದಿ ಪಟ್ಟೆಗಳಿರುವುದು. ಅದರಿಂದ 297 ಸೆಕೆಂಡು ಬರಬೇಕು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಲೆಕ್ಕ ಬೇಕೆ?

ಜೋಡಿಸಿ, ಗಡಿಯಾರವನ್ನು ಮುಂದಿಟ್ಟುಕೊಂಡು ಗುಂಡಿಯನ್ನು ಒತ್ತಿದೆವು. ಗಂಟೆಯು ಕೂಗಿದುದು 348 ಸೆಕೆಂಡಿಗೆ! ಪರೀಕ್ಷಿಸದೆ ಹಾಗೆಯೇ ತಾಯಿಯವರ ಕೈಗಿತ್ತಿದ್ದರೆ, ಹಾಲು ಉಕ್ಕಿ ಉರಿ ಆರಿದ ಮೇಲೆ ಅದು ಕೂಗುತ್ತಿದ್ದಿತು. ಗಂಟೆಯನ್ನು ನಂಬಿ ಅವರು ಇನ್ನೂ ನಿಶ್ಚಿಂತೆಯಿಂದ ಕುಳಿತಿರುತ್ತಿದ್ದರು.

ತಪ್ಪು ಗುಣಾಕಾರದಲ್ಲಿರಲಿಲ್ಲ, ಕೆಪಾಸಿಟರಿನಲ್ಲಿದ್ದಿತು. ಎಲೆಕ್ಟ್ರೊಲಿಟಿಕ್ ಜಾತಿಯ ಕೆಪಾಸಿಟರಿನ ಮೇಲೆ 1000 ಎಂದು ಅಚ್ಚಾಗಿದ್ದರೂ ಸಾಮಾನ್ಯವಾಗಿ ನೂರಕ್ಕೆ 20 ಹೆಚ್ಚು ಅಥವಾ ಕಡಿಮೆ ಇರುವುದಕ್ಕೆ ತಯಾರಕರಿಗೆ ಅವಕಾಶವುಂಟು. ಅಷ್ಟರಿಂದಲೇ ನಮ್ಮ 297 ಸೆಕೆಂಡು 238ರಿಂದ 356ರ ವರೆಗೆ ಎಲ್ಲಿಯಾದರೂ ನಿಲ್ಲಬಹುದು. ಸಾಲದುದಕ್ಕೆ ಈ ಕೊಡವು ಸ್ವಲ್ಪ ಸೋರುವ ಕೊಡ. ಒಂದು ಕಡೆಯಿಂದ ತುಂಬುತ್ತಿದ್ದರೆ ಇನ್ನೊಂದು ಕಡೆಯಿಂದ ಇಳಿಯುವುದರಿಂದ ಕಾಲವು ಹಿಗ್ಗುವುದು. ಸೋರಿಕೆ ಮಿತಿಮೀರಿದರೆ ಗುರುತನ್ನು ಮುಟ್ಟದೆಯೇ ಹೋಗಬಹುದು. ಅಂಗಡಿಯಲ್ಲಿ ಬಹುಕಾಲ ಸುಮ್ಮನೆ ಬಿದ್ದಿದ್ದ ಕೆಪಾಸಿಟರು ಮೊದಮೊದಲು ಹೆಚ್ಚಾಗಿ ಸೋರುವುದು. ಆದುದರಿಂದ ನಾಲ್ಕಾರು ಸಲ ನಡೆಸಿ ಅನಂತರ ಕಾಲವನ್ನು ಅಳೆಯತಕ್ಕುದು. 9 ವೋಲ್ಟಿನ ಬ್ಯಾಟರಿಗೆ 25 ವೋಲ್ಟು ತಾಳುವ ಕೆಪಾಸಿಟರನ್ನು ಕೊಂಡರೆ ಸೋರಿಕೆ ಕಡಿಮೆ. ರೆಸಿಸ್ಟರನ್ನು 1 ಮೆಗಾ ಓಮಿಗಿಂತ ಹೆಚ್ಚಿಸದಿರುವುದೂ ಲೇಸು. ಕೊಳವೆಯು ಅಷ್ಟು ಕಿರಿದಾದರೆ ಮಳೆಗಾಲದಲ್ಲಿ ಹಲಗೆಯ ತೇವವೂ ಲೆಕ್ಕಕ್ಕೆ ಕೈಹಾಕುವುದು.

ಕೆಪಾಸಿಟರನ್ನು ತಿದ್ದಲಾಗದು, ರೆಸಿಸ್ಟರನ್ನು ತಿದ್ದಬಹುದು. ಇಲ್ಲಿ ಶಾಲೆಯಲ್ಲಿ ಕಲಿತ ತ್ರೈರಾಶಿಯೇ ಸಾಕು. 348 ಸೆಕೆಂಡಿಗೆ 270 ಕಿಲೋ ಓಮ್ ಆದರೆ 300 ಸೆಕೆಂಡಿಗೆ ಎಷ್ಟು? 270ನ್ನು 300ರಿಂದ ಗುಣಿಸಿ 348ರಿಂದ ಭಾಗಿಸಿದರೆ ಸುಮಾರು 233. ಆ ಬೆಲೆಯ ರೆಸಿಸ್ಟರು ಸುಲಭವಾಗಿ ಸಿಕ್ಕದು. 220 ಮತ್ತು 12, ಇವೆರಡನ್ನು ಒಂದರ ಬಾಲಕ್ಕೊಂದು ಸೇರಿಸಿದರೆ 232. ಈ ಸಲ ಗಂಟೆಯು 301 ಸೆಕೆಂಡಿಗೆ ಕೂಗಿತು. ಮಾರನೆಯ ದಿನವೂ ಅಳೆದೆವು; ಒಂದೆರಡು ಸೆಕೆಂಡಿನ ವ್ಯತ್ಯಾಸವಷ್ಟೆ.

ಬೆಸುಗೆ ಬಲ್ಲವರಿಗಾಗಿ ಜೋಡಣೆಯನ್ನು ಹೇಳಿಬಿಡುತ್ತೇವೆ. 4 ಮತ್ತು 8ನೆಯ ಕಾಲುಗಳು ಬ್ಯಾಟರಿಯ ಧನಕ್ಕೆ, 1ನೆಯದು ಋಣಕ್ಕೆ. ಧನದಿಂದ ರೆಸಿಸ್ಟರು, ಅದರ ತುದಿಯಿಂದ ಋಣಕ್ಕೆ ಕೆಪಾಸಿಟರು. ಆ ಎರಡೂ ಕೂಡುವಲ್ಲಿಗೆ 6ನೆಯ ಕಾಲು ನೇರವಾಗಿಯೂ 7ನೆಯದು 100 ಓಮಿನ ಮೂಲಕವೂ ಬರಬೇಕು. 2ನೆಯ ಕಾಲಿಗೆ ಧನದಿಂದ 10 ಕಿಲೋ ಓಮ್. ಅದೇ ಕಾಲಿನಿಂದ ಋಣಕ್ಕೆ ಗುಂಡಿ. 5ನೆಯದರಿಂದ ಋಣಕ್ಕೆ 0.01 ಮೈಕ್ರೋಫ್ಯಾರಡು. 3ನೆಯದಕ್ಕೂ ಧನಕ್ಕೂ ನಡುವೆ ಬಜರು. 3ನೆಯದರಿಂದ ಋಣಕ್ಕೆ 1 ಕಿಲೋ ಓಮಿನೊಡನೆ ಎಲ್.ಇ.ಡಿ. ದೀಪ. ಕೆಪಾಸಿಟರಿನ ಋಣದ ಕಾಲನ್ನು ಅದಲುಬದಲು ಮಾಡಲೇಕೂಡದು, ಅದು ಸಿಡಿಯಬಹುದು.

ಈ ಜೋಡಣೆಯಲ್ಲಿ ಸ್ವಿಚ್ಚು ಹಾಕಿದೊಡನೆ ಬಜರು ಕೂಗುವುದು. ಗುಂಡಿಯನ್ನು ಒತ್ತಿದರೆ ಸುಮ್ಮನಾಗಿ ದೀಪವು ಬೆಳಗುವುದು. ಕಾಲ ಮುಗಿಯಲು ದೀಪವಾರಿ ಮತ್ತೆ ಕೂಗುವುದು. ಮೊದಲ ಕೂಗೇ ಕೇಳದಿದ್ದರೆ ಬ್ಯಾಟರಿ ತೀರಿತೆಂದರ್ಥ. ಆಗ ಹಾಲಿಡದೆ ಯಾರನ್ನಾದರೂ ಕರೆಯಬೇಕೆಂದು ಮನೆಯಲ್ಲಿ ಕಟ್ಟು ಮಾಡಿದ್ದೇವೆ. ಈ ಗಂಟೆಯು ಕೂಗುವುದೇ ಹೊರತು ಒಲೆಯನ್ನು ಆರಿಸದು. ಗ್ಯಾಸಿನ ಕೊಳವೆಗಾಗಲಿ ಮನೆಯ ವಿದ್ಯುತ್ತಿಗಾಗಲಿ ಇದನ್ನು ಯಾರೂ ತಗುಲಿಸಕೂಡದು. ಒಲೆ ಹೊತ್ತಿಸುವ ಮೊದಲೇ ಅದನ್ನು ಪರೀಕ್ಷಿಸಿಕೊಳ್ಳತಕ್ಕುದು. ಗ್ಯಾಸಿನ ವಾಸನೆಯಿರುವಾಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು.

ತಾಯಿಯವರು ಈಗ ದಿನವೂ ಬೆಳಿಗ್ಗೆ ಒಲೆ ಹೊತ್ತಿಸಿದೊಡನೆ ಗುಂಡಿಯನ್ನು ಒತ್ತಿ ಹೂವಿನ ಬುಟ್ಟಿಯ ಬಳಿಗೆ ಹೋಗುತ್ತಾರೆ. ಮೊನ್ನೆ ಹಬ್ಬಕ್ಕೆ ನಂಟರು ಬರುವರೆಂದು ತಿಳಿದಾಗ, "ಹಾಲು ಹೆಚ್ಚಿಡಬೇಕಲ್ಲಪ್ಪ, ಎಂಟು ನಿಮಿಷಕ್ಕೂ ಒಂದು ಮಾಡಿಕೊಡು" ಎಂದರು. ತ್ರೈರಾಶಿಯಂತೆ ಅದಕ್ಕೆ 372 ಕಿಲೋ ಓಮ್ ಬೇಕು. ಇರುವ 232ರ ಬಾಲಕ್ಕೆ 100 ಮತ್ತು 39ನ್ನು ಸೇರಿಸಿ, ಬೇಡವಾದಾಗ ಅವೆರಡನ್ನು ಬಳಸಿಹೋಗುವಂತೆ ಒಂದು ಸಣ್ಣ ಸ್ವಿಚ್ಚನ್ನಿಟ್ಟೆವು. ಒಟ್ಟು 371. ಆ ಒಂದು ಕಿಲೋ ಓಮಿನ ಕೊರತೆಯನ್ನು ಹಾಲು ಎಣಿಸಲಿಲ್ಲ.