ಕಿಸೆಯಲ್ಲಿರಬೇಕಾದ ಅಳತೆ

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕಸುಬು ಕಲಿತು, ಮುಂದೆ ವರ್ಕ್‌ಶಾಪು ಸೇರುವ ತರುಣರು ನಮ್ಮವರಲ್ಲಿ ಹಿಂದೆಯೂ ಇದ್ದರು, ಇಂದೂ ಇದ್ದಾರೆ. 1982ರ ಜನವರಿ 18ರಂದು ಮುಂಬಯಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಒಂದೊಂದೇ ಗಿರಣಿ ಬಾಗಿಲು ಹಾಕಿದಾಗ, ಮಗ್ಗದ ಮುಂದೆ ನಿಂತಿದ್ದ ಎಷ್ಟೋ ಕೈಗಳು ಬೇರೆ ಕಸುಬನ್ನು ಹುಡುಕಬೇಕಾಯಿತು. ಹೊಸ ಕಸುಬಿಗೆ ಕೈಯಿಟ್ಟವನು ಮೊದಲು ಕೊಳ್ಳುವ ಸಾಮಾನುಗಳಲ್ಲಿ ಒಂದು, ಅಂಗೈಯಲ್ಲಿ ಹಿಡಿಸುವ ಅಳತೆಯ ಟೇಪು. ಇಷ್ಟು ಸಣ್ಣ ವಸ್ತುವಿನ ಮೇಲೆ ಅಗ್ರಲೇಖನವೇ ಎಂದು ವಾಚಕರು ನಗಬಹುದು. ಆದರೆ ಕಾರ್ಮಿಕನ ಕೂಲಿಯೂ ಮಾನವೂ ಎಷ್ಟೋ ಸಲ ಈ ಪಟ್ಟಿಯ ಒಂದು ಗೆರೆಯ ಮೇಲೆ ನಿಂತಿರುತ್ತವೆ ಎಂಬುದನ್ನು ಬಲ್ಲವರು ನಗಲಾರರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೋಟೆಲಿನ ಅಡಿಗೆಮನೆಯಲ್ಲಿ ಎರಡು ಗೋಡೆಗಳ ನಡುವೆ 1200 ಮಿಲಿಮೀಟರು ಜಾಗವಿದೆ. ಅಲ್ಲಿಗೊಂದು ಸ್ಟೀಲಿನ ಮೇಜು ಬೇಕು. ಮೇಜು 1203 ಆದರೆ ಒಳಗೆ ಹೋಗುವುದಿಲ್ಲ. ತಗಡು ಕತ್ತರಿಸಿಯಾಗಿದೆ, ವೆಲ್ಡಿಂಗ್ ಮುಗಿದಿದೆ. ಆಗ ಕೇಳಿಬರುವ ಪ್ರಶ್ನೆ ಒಂದೇ: ಅಳೆದವರು ಯಾರು? ಟೇಪು ಯಾವುದು ಎಂದು ಕೇಳುವವರು ವಿರಳ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ವರ್ಕ್‌ಶಾಪಿನಲ್ಲಿ ಮೂರು ಮಿಲಿಮೀಟರಿಗೇ ನಿಜವಾಗುತ್ತದೆ.

ಹಾಗಾದರೆ ಎಂಥ ಟೇಪನ್ನು ಆರಿಸಬೇಕು? ಉದ್ದವಾದದ್ದೇ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಬೆಂಚಿನ ಮೇಲಿನ ಕೆಲಸಕ್ಕೆ 2 ಅಥವಾ 3 ಮೀಟರು ಧಾರಾಳವಾಗಿ ಸಾಕು. 13 ಇಲ್ಲವೆ 16 ಮಿಲಿಮೀಟರು ಅಗಲದ ಪಟ್ಟಿಯುಳ್ಳ ಇಂಥ ಟೇಪು ಕಿಸೆಗೆ ಭಾರವಾಗದು, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. ಕಟ್ಟಡದ ಮೇಲೆ, ಒಬ್ಬನೇ ನಿಂತು ಪಟ್ಟಿಯನ್ನು ದೂರಕ್ಕೆ ಚಾಚಬೇಕಾದವನಿಗೆ ಮಾತ್ರ 5 ಮೀಟರಿನ ಅಗಲ ಪಟ್ಟಿ ಬೇಕು. ಪಟ್ಟಿಯನ್ನು ಬಾಗಿದ ಆಕಾರದಲ್ಲಿ ಮಾಡಿರುವುದು ಹೊರಗೆ ಚಾಚಿದಾಗ ಅದು ಕುಸಿಯದೆ ನಿಲ್ಲಲೆಂದು. ಅಗಲ ಹೆಚ್ಚಿದಷ್ಟೂ ಆ ಬಿಗುವು ಹೆಚ್ಚು, ಆದರೆ ಡಬ್ಬಿಯೂ ದೊಡ್ಡದು.

ಎರಡನೆಯದಾಗಿ ಗೆರೆಗಳನ್ನು ನೋಡಬೇಕು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಆದರೂ ಮುಂಬಯಿಯ ವರ್ಕ್‌ಶಾಪುಗಳಲ್ಲಿ ಇಂಚು ಹೋಗಿಲ್ಲ. ಇಂಚಿನ ಎಂಟನೆಯ ಒಂದು ಭಾಗವಾದ 'ಸೂತ' ಇಂದಿಗೂ ಮಿಸ್ತ್ರಿಗಳ ಬಾಯಲ್ಲಿದೆ. ಒಂದು ಸೂತವೆಂದರೆ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಅದನ್ನು 3 ಎಂದೇ ಹಿಡಿದು ಎಂಟು ಸೂತ ಎಣಿಸಿದರೆ, 25.4 ಇರಬೇಕಾದ ಇಂಚು 24ಕ್ಕೆ ಇಳಿಯುತ್ತದೆ. ನಕ್ಷೆ ಮಿಲಿಮೀಟರಿನಲ್ಲಿದ್ದರೆ ಪಟ್ಟಿಯ ಎರಡೂ ಅಂಚುಗಳಲ್ಲಿ ಮಿಲಿಮೀಟರೇ ಇರುವ ಟೇಪನ್ನು ಕೊಳ್ಳುವುದು ಲೇಸು. ಅವಸರದಲ್ಲಿ ಇಂಚಿನ ಅಂಚನ್ನು ಓದುವ ಪ್ರಮಾದವೇ ಆಗ ಬರುವುದಿಲ್ಲ.

ಮೂರನೆಯದು ನಿಖರತೆ. ಯುರೋಪಿನ ನಿಯಮದಂತೆ ತಯಾರಾದ ಟೇಪುಗಳ ಪಟ್ಟಿಯ ಮೊದಲ ಭಾಗದಲ್ಲಿ ರೋಮನ್ ಅಂಕಿಯಲ್ಲಿ ವರ್ಗವನ್ನು ಅಚ್ಚೊತ್ತಿರುತ್ತಾರೆ. ಎರಡನೆಯ ವರ್ಗದ 3 ಮೀಟರು ಟೇಪು ಪೂರ್ಣ ಉದ್ದದಲ್ಲಿ 0.9 ಮಿಲಿಮೀಟರಿನವರೆಗೆ ಹೆಚ್ಚುಕಡಿಮೆ ತೋರಿಸಬಹುದು. ಒಂದನೆಯ ವರ್ಗದ್ದಾದರೆ 0.4 ಮಾತ್ರ. ನಮ್ಮ ದೇಶದಲ್ಲಿ ಉಕ್ಕಿನ ಟೇಪಿಗೆ ಐ.ಎಸ್. 1269 ಎಂಬ ಮಾನಕವಿದೆ. ಯಾವ ಗುರುತೂ ಇಲ್ಲದ ಟೇಪು ಎಷ್ಟು ತಪ್ಪುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ಅದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ನಾಲ್ಕನೆಯದು ತುದಿಯ ಕೊಕ್ಕೆ. ಅದು ಅಲ್ಲಾಡುವುದನ್ನು ಕಂಡು, ಸಡಿಲವಾಗಿದೆಯೆಂದು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಬಾರದು. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಹಿಂದೆ ಮುಂದೆ ಸರಿಯಬೇಕು. ವಸ್ತುವಿನ ಅಂಚಿಗೆ ಸಿಕ್ಕಿಸಿ ಎಳೆದಾಗಲೂ, ಗೋಡೆಗೆ ಒತ್ತಿ ಅಳೆದಾಗಲೂ ಲೆಕ್ಕ ಸರಿಬರಲೆಂದೇ ಅದನ್ನು ಹಾಗೆ ಕೂರಿಸಿದ್ದಾರೆ. ಕೊಕ್ಕೆಯಲ್ಲಿ ಅಯಸ್ಕಾಂತವಿರುವ ಟೇಪು ಫ್ಯಾಬ್ರಿಕೇಶನ್ ಕೆಲಸಕ್ಕೆ ಅನುಕೂಲ. ಲೇತು, ಗ್ರೈಂಡಿಂಗ್ ನಡೆಯುವ ಕಡೆ ಅದಕ್ಕೆ ಕಬ್ಬಿಣದ ಪುಡಿ ಅಂಟಿ ಅಳತೆಯನ್ನೇ ಕೆಡಿಸುತ್ತದೆ. ನೀರು, ಕೂಲೆಂಟು ತಾಗುವ ಜಾಗದಲ್ಲಿ ದುಡಿಯುವವನಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಪಟ್ಟಿ ಒಳ್ಳೆಯದು. ಡಬ್ಬಿಯ ಉದ್ದವನ್ನು ಅದರ ಮೈಮೇಲೆಯೇ ನಮೂದಿಸಿರಬೇಕು. ಪೆಟ್ಟಿಗೆಯ ಒಳಗನ್ನು ಅಳೆಯುವಾಗ ಡಬ್ಬಿಯನ್ನು ಮೂಲೆಗೆ ತಾಗಿಸಿ ಆ ಅಂಕಿಯನ್ನು ಕೂಡಿಸಿದರೆ ಅಳತೆ ಸಿಗುತ್ತದೆ. ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿ ಓದಿದ್ದು ಬರಿಯ ಅಂದಾಜು.

ಕೊಂಡ ದಿನವೇ ಪರೀಕ್ಷಿಸುವುದು ಕಷ್ಟವಲ್ಲ. 300 ಮಿಲಿಮೀಟರಿನ ಒಳ್ಳೆಯ ಉಕ್ಕಿನ ರೂಲನ್ನು ತೆಗೆದುಕೊಂಡು, ಕೊಕ್ಕೆಯನ್ನು ಅದರ ತುದಿಗೆ ಸಿಕ್ಕಿಸಿ ಓದಿರಿ. ಬಳಿಕ ರೂಲನ್ನೂ ಕೊಕ್ಕೆಯನ್ನೂ ಒಂದೇ ಗೋಡೆಗೆ ಒತ್ತಿ ಓದಿರಿ. ಎರಡು ಸಲವೂ 300 ಬರಬೇಕು. ಕೊನೆಗೆ ಪಟ್ಟಿಯ 100ರ ಗೆರೆಯಿಂದ ಅಳೆದು ನೋಡಿರಿ. ಆಗ 400 ಬರಬೇಕು. ಗೆರೆಯಿಂದ ಅಳೆದಾಗ ಸರಿಬಂದು ಕೊಕ್ಕೆಯಿಂದ ಅಳೆದಾಗ ತಪ್ಪಿದರೆ ಕೊಕ್ಕೆ ಬಗ್ಗಿದೆಯೆಂದು ತಿಳಿಯಬೇಕು. ಟೇಪು ಕೈತಪ್ಪಿ ಬಿದ್ದಾಗಲೆಲ್ಲ ಈ ಪರೀಕ್ಷೆಯನ್ನು ಮಾಡತಕ್ಕದ್ದು. ಪಟ್ಟಿಯನ್ನು ರಭಸವಾಗಿ ಒಳಗೆ ಬಿಡದೆ, ಒರಸಿ ನಿಧಾನವಾಗಿ ಬಿಟ್ಟರೆ ಕೊಕ್ಕೆಯೂ ಅಂಕಿಗಳೂ ಬಹುಕಾಲ ಬಾಳುತ್ತವೆ.

ಟೇಪಿಗೂ ಒಂದು ಮಿತಿಯಿದೆ. ಬೇರಿಂಗು ಕೂಡುವ ಶಾಫ್ಟನ್ನು ಟೇಪಿನಿಂದ ಅಳೆಯುವಂತಿಲ್ಲ. ಅದು ವರ್ನಿಯರ್, ಮೈಕ್ರೋಮೀಟರುಗಳ ಕೆಲಸ. ತಿರುಗುವ ಯಂತ್ರದ ಬಳಿ ಪಟ್ಟಿಯನ್ನು ಚಾಚಬಾರದು. ಉಕ್ಕಿನಲ್ಲಿ ವಿದ್ಯುತ್ತು ಹರಿಯುವುದರಿಂದ ಕರೆಂಟಿರುವ ತಂತಿ, ಪ್ಯಾನೆಲುಗಳ ಹತ್ತಿರ ಅದನ್ನು ಒಯ್ಯಲೇಬಾರದು. ಮಿಲಿಮೀಟರು ತಪ್ಪಿದರೆ ತಗಡು ಹಾಳಾದೀತು, ಇಲ್ಲಿ ತಪ್ಪಿದರೆ ಜೀವವೇ ಹೋದೀತು.

ಇನ್ನು ಟೇಪಿನ ಖರ್ಚು ಯಾರದು? ಕೆಲಸಕ್ಕೆ ಬೇಕಾದ ಹತಾರಗಳನ್ನು ಒದಗಿಸಿದ್ದನ್ನು ಕಾರ್ಮಿಕನಿಗೆ ಮಾಡಿದ 'ಸೇವೆ' ಎಂದು ಲೆಕ್ಕ ಹಾಕಿ ಸಂಬಳದಿಂದ ಕಡಿಯಲಾಗದೆಂದು 1936ರ ವೇತನ ಪಾವತಿ ಕಾಯ್ದೆಯೇ ಬರೆದಿಟ್ಟಿತ್ತು. ಮಾಲು ಹಾಳಾಯಿತೆಂದು ಸಂಬಳ ಕಡಿಯುವ ಮುನ್ನ ಕಾರ್ಮಿಕನಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬುದು ಆ ಕಾಯ್ದೆಯಲ್ಲಿಯೂ ಇತ್ತು, 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆದಕಾರಣ ಸರಿಯಾದ ಟೇಪನ್ನು ಒದಗಿಸುವುದು ಮಾಲಿಕರ ಕರ್ತವ್ಯವೆಂದೂ, ಕೊಕ್ಕೆ ಮುರಿದ, ಅಂಕಿ ಅಳಿಸಿದ ಟೇಪನ್ನು ಕೈಗಿತ್ತು ನಿಖರವಾದ ಕೆಲಸವನ್ನು ಕೇಳುವುದು ನ್ಯಾಯವಲ್ಲವೆಂದೂ ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಇಷ್ಟಾದರೂ, ಪರೀಕ್ಷಿಸಿದ ಒಂದು ಸಣ್ಣ ಟೇಪು ಕಾರ್ಮಿಕನ ಸ್ವಂತ ಕಿಸೆಯಲ್ಲಿರಲಿ ಎಂಬುದು ನಮ್ಮ ಸಲಹೆ. ಮಾಲಿಕರ ಹೊಣೆಯನ್ನು ಇಳಿಸಲು ಈ ಮಾತು ಹೇಳುತ್ತಿಲ್ಲ. ಕೊಟ್ಟ ಟೇಪು ತಪ್ಪಿದ್ದರೆ ಕತ್ತರಿಸುವ ಮೊದಲೇ ಅದನ್ನು ಮೇಸ್ತ್ರಿಯ ಮುಂದೆ ತೋರಿಸಿಕೊಡಲು ನಮ್ಮವನ ಕೈಯಲ್ಲಿ ಒಂದು ಸಾಕ್ಷಿ ಬೇಕು. ಪಳಗಿದ ಹಿರಿಯರು ಹೊಸದಾಗಿ ಬಂದ ಹುಡುಗರನ್ನು ಹತ್ತಿರ ಕರೆದು, ಈ ರೂಲಿನ ಪರೀಕ್ಷೆಯನ್ನು ಒಂದು ಸಲ ಕೈಯಾರೆ ಮಾಡಿಸಬೇಕು. ಅದಕ್ಕೆ ಬೇಕಾಗುವುದು ಐದು ನಿಮಿಷ. ಒಬ್ಬ ಹುಡುಗನ ಒಂದು ದಿನದ ಕೂಲಿ ಅದರಿಂದ ಉಳಿದರೂ ಆ ಐದು ನಿಮಿಷ ಸಾರ್ಥಕವೇ.